ಪಾಸ್‌ವರ್ಡ್ ಮರೆತೇ ಇರಲಿಲ್ಲ, ಆದ್ರೂ ಅಕೌಂಟ್ ಲಾಕ್: ಒಂದು ಮನೆ ಲ್ಯಾಪ್‌ಟಾಪಿನ ಕೇಸು

ಮೊದ್ಲು ಮೆಶಿನ್‌ನ ಜಾತಕ ಹೇಳ್ಬಿಡ್ತೀನಿ, ಯಾಕಂದ್ರೆ ಆಮೇಲೆ ಆಗಿದ್ದೆಲ್ಲ ಅದರ ಮೇಲೇ ನಿಂತಿದೆ. ಚಿಕ್ಕಪ್ಪನ ಮನೆ ಲ್ಯಾಪ್‌ಟಾಪು, ವಿಂಡೋಸ್ 11 ಹೋಮ್, ಫ್ಯಾಕ್ಟರಿಯಿಂದಲೇ ಹೊಸ ವರ್ಶನ್ ಹಾಕ್ಕೊಂಡು ಬಂದಿದ್ದು. ಅದರಲ್ಲಿ ಎರಡು ಅಕೌಂಟು. ಒಂದು ಅವರ ಮಗಳದು, ನನಗೆ ತಂಗಿ ಆಗ್ಬೇಕು, ಡಬ್ಬ ಬಿಚ್ಚಿದ ದಿನ ಸೆಟಪ್ ಮಾಡಿದ್ದು ಅವಳೇ ಆದ್ದರಿಂದ ಅವಳ ಮೈಕ್ರೋಸಾಫ್ಟ್ ಅಕೌಂಟು ಅಡ್ಮಿನ್ (ಮೆಶಿನ್‌ನಲ್ಲಿ ಎಲ್ಲಾ ಬದಲಾಯಿಸೋ ಅಧಿಕಾರ ಇರೋದು) ಆಗಿ ಕೂತಿದೆ. ಇನ್ನೊಂದು ಚಿಕ್ಕಪ್ಪಂದು, ಬರೀ ಲೋಕಲ್ ಅಕೌಂಟು, ಅಂದ್ರೆ ಆ ಮೆಶಿನ್ ಒಳಗೆ ಮಾತ್ರ ಇರೋದು, ಅಡ್ಮಿನ್ ಅಧಿಕಾರ ಇಲ್ಲದ ಸ್ಟ್ಯಾಂಡರ್ಡ್ ಯೂಸರ್, ಪಾಸ್‌ವರ್ಡ್ ಮಾತ್ರ ಇದೆ, ಪಿನ್ ಇಲ್ಲ. ತಂಗಿ ಓದೋಕೆ ಹೊರಗೆ ಹೋದ ಮೇಲೆ ಆ ಲ್ಯಾಪ್‌ಟಾಪ್ ಪೂರ್ತಿ ಚಿಕ್ಕಪ್ಪಂದೇ ಆಗಿತ್ತು, ಮೇಲು, ಬ್ಯಾಂಕು, ಬಿಲ್ಲು, ಫೋಟೋ ಎಲ್ಲ ಅದರಲ್ಲೇ. ಸೈಟ್‌ಗಳ ಪಾಸ್‌ವರ್ಡ್ ಎಲ್ಲ ಕ್ರೋಮ್‌ನಲ್ಲಿ ಸೇವ್ ಆಗಿತ್ತು, ಆದ್ರೆ ಕ್ರೋಮ್‌ಗೆ ಯಾವ ಅಕೌಂಟಲ್ಲೂ ಸೈನ್ ಇನ್ ಆಗಿರಲಿಲ್ಲ, ಅಂದ್ರೆ ಆ ಪಾಸ್‌ವರ್ಡ್‌ಗಳ ಇನ್ನೊಂದು ಕಾಪಿ ಬೇರೆ ಎಲ್ಲೂ ಇಲ್ಲ. ಇದನ್ನ ನೆನಪಲ್ಲಿ ಇಟ್ಕೊಳ್ಳಿ.

ತೊಂದರೆ ಶುರುವಾಗಿದ್ದು ಹೀಗೆ. ಒಂದು ಬೆಳಗ್ಗೆ ಪಾಸ್‌ವರ್ಡ್ ಹಾಕಿದ್ರೆ ತಪ್ಪು ಅಂತು. ಮತ್ತೆ ಹಾಕಿದ್ರು, ತಪ್ಪು. ನಿಧಾನಕ್ಕೆ ಹಾಕಿದ್ರು, ಜೋರಾಗಿ ಕೀ ಒತ್ತಿ ಹಾಕಿದ್ರು, ಕ್ಯಾಪ್ಸ್ ಲಾಕ್ ನೋಡಿ ಹಾಕಿದ್ರು. ಕೊನೆಗೆ ಮೆಸೇಜೇ ಬದಲಾಯ್ತು, ಪಾಸ್‌ವರ್ಡ್ ತಪ್ಪು ಅನ್ನೋ ಬದಲು ಈ ಅಕೌಂಟು ಸದ್ಯಕ್ಕೆ ಲಾಕ್ ಆಗಿದೆ, ಲಾಗಿನ್ ಆಗೋಕಾಗಲ್ಲ ಅನ್ನೋ ಅರ್ಥದ ಇಂಗ್ಲಿಷ್ ಸಾಲು ಬಂತು.

ಈ ಎರಡು ಮೆಸೇಜೂ ಒಂದೇ ಅಂತ ತಿಳ್ಕೊಳ್ಳೋದೇ ಅರ್ಧ ಅನಾಹುತಕ್ಕೆ ಕಾರಣ. ಪಾಸ್‌ವರ್ಡ್ ತಪ್ಪು ಅಂದ್ರೆ ನೀವು ಟೈಪ್ ಮಾಡಿದ್ದು ಹೊಂದ್ತಿಲ್ಲ ಅಷ್ಟೇ. ಲಾಕ್ ಆಗಿದೆ ಅಂದ್ರೆ ಈಗ ಸರಿಯಾದ ಪಾಸ್‌ವರ್ಡ್ ಹಾಕಿದ್ರೂ ಒಳಗೆ ಬಿಡಲ್ಲ, ಸ್ವಲ್ಪ ಹೊತ್ತು ಸುಮ್ಮನಿರಿ ಅಂತ. 2022ರ ಅಕ್ಟೋಬರ್ 11ರ ಅಪ್‌ಡೇಟ್‌ನಿಂದ ಈಚೆಗೆ ಸೆಟಪ್ ಆದ ಹೊಸ ವಿಂಡೋಸ್ 11 ಮೆಶಿನ್‌ಗಳಲ್ಲಿ ಇದು ಡೀಫಾಲ್ಟಾಗೇ ಆನ್ ಇರುತ್ತೆ, ಹತ್ತು ನಿಮಿಷದೊಳಗೆ 10 ಸಲ ತಪ್ಪಿದ್ರೆ 10 ನಿಮಿಷ ಲಾಕ್. ಅಡ್ಮಿನ್ ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ (ಕಮ್ಯಾಂಡ್ ಟೈಪ್ ಮಾಡೋ ಕಪ್ಪು ಕಿಟಕಿ) ನೆಟ್ ಅಕೌಂಟ್ಸ್ ಅಂತ ಕೊಟ್ರೆ ಈ ಮೂರು ಅಂಕಿನೂ ಕಾಣುತ್ತೆ: ಎಷ್ಟು ಸಲಕ್ಕೆ ಲಾಕು, ಎಷ್ಟು ಹೊತ್ತು ಲಾಕು, ಎಷ್ಟು ಹೊತ್ತಿನೊಳಗಿನ ತಪ್ಪನ್ನ ಲೆಕ್ಕಕ್ಕೆ ತಗೊಳ್ಳುತ್ತೆ. ಅಂದ್ರೆ ಚಿಕ್ಕಪ್ಪ ಎದ್ದು ಕಾಫಿ ಕುಡ್ಕೊಂಡು ಬಂದಿದ್ರೆ ಲಾಕು ತಾನಾಗೇ ಬಿಚ್ಕೊಳ್ತಿತ್ತು. ಅಸಲಿ ತೊಂದರೆ ಬೇರೆ ಕಡೆ ಇತ್ತು, ಅದು ಕಾಯೋದ್ರಿಂದ ಹೋಗ್ತಿರಲಿಲ್ಲ ಅನ್ನೋದು ಬೇರೆ ಮಾತು.

ಲಾಗಿನ್ ಸ್ಕ್ರೀನಲ್ಲಿ ರೀಸೆಟ್ ಪಾಸ್‌ವರ್ಡ್ ಅಂತ ಲಿಂಕೂ ಇತ್ತು. ಲೋಕಲ್ ಅಕೌಂಟಿಗೆ ಮೂರು ಸೆಕ್ಯುರಿಟಿ ಪ್ರಶ್ನೆ ಇಡೋ ವ್ಯವಸ್ಥೆ ಅದು, ವಿಂಡೋಸ್ 10ರ 1803 ವರ್ಶನ್‌ನಿಂದ ಬಂದಿದ್ದು. ಆದ್ರೆ ಅಕೌಂಟ್ ಮಾಡೋವಾಗ ಆ ಪ್ರಶ್ನೆಗೆಲ್ಲ ಕೀಬೋರ್ಡ್ ಮೇಲೆ ಕೈ ಆಡಿಸಿ ಏನೋ ಒಂದು ತುಂಬಿದ್ರಂತೆ, ಮುಂದಕ್ಕೆ ಹೋಗ್ಲಿ ಅಂತ. ಆ ದಾರಿ ಅಲ್ಲಿಗೇ ಮುಗೀತು.

ಆಗ ಬಂದ ಪರಿಚಯದ ಹುಡುಗ. ಒಳ್ಳೆಯವನೇ, ಕೈ ಚುರುಕು, ಆದ್ರೆ ಬಂದವನೇ ಏನಾಗಿದೆ ಅಂತ ಕೇಳೋ ಮೊದ್ಲೇ ಪೆನ್ ಡ್ರೈವ್ ತೆಗೆದ. ಹಳೇ ಕಾಲದ ಉಪಾಯ ಎಲ್ಲರಿಗೂ ಗೊತ್ತಿರೋದೇ, ಪೆನ್ ಡ್ರೈವ್‌ನಿಂದ ಬೂಟ್ ಮಾಡೋದು, ಒಳಗಿನ ಡಿಸ್ಕ್ ಓಪನ್ ಮಾಡಿ ಪಾಸ್‌ವರ್ಡ್ ಅಳಿಸೋದು, ಇಲ್ಲ ಲಾಗಿನ್ ಸ್ಕ್ರೀನಿನ ಒಂದು ಫೈಲ್ ಬದಲಾಯಿಸಿ ಕಮ್ಯಾಂಡ್ ಪ್ರಾಂಪ್ಟ್ ತರಿಸೋದು. ಅವನ ಟೂಲು ಹಳೇದು, ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರೋ ಸಾಫ್ಟ್‌ವೇರ್ ಮಾತ್ರ ಬೂಟ್ ಆಗೋಕೆ ಬಿಡೋ ಕಾವಲು) ಆನ್ ಇದ್ರೆ ಏಳಲ್ಲ, ಹಾಗಾಗಿ ಬಯಾಸ್‌ಗೆ (ವಿಂಡೋಸ್ ಏಳೋಕೆ ಮುಂಚಿನ ಸೆಟ್ಟಿಂಗ್ಸ್ ಪರದೆ) ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿದ. ಟೂಲ್ ಎದ್ದಿತು, ಆದ್ರೆ ಡಿಸ್ಕಲ್ಲಿ ಓದೋಕೆ ಏನೂ ಸಿಗಲಿಲ್ಲ. ಸರಿ ಅಂತ ಪೆನ್ ಡ್ರೈವ್ ಕಿತ್ತು ಮಾಮೂಲಿ ಆನ್ ಮಾಡಿದ್ರೆ ಲಾಗಿನ್ ಸ್ಕ್ರೀನೂ ಇಲ್ಲ, ನೀಲಿ ಪರದೆ, ಬಿಟ್‌ಲಾಕರ್ ರಿಕವರಿ ಕೀ ಕೊಡಿ ಅಂತ. ಬಿಟ್‌ಲಾಕರ್ ಅಂದ್ರೆ ಡಿಸ್ಕಲ್ಲಿರೋದನ್ನೆಲ್ಲ ಬೇರೆಯವರು ಓದೋಕಾಗದ ಹಾಗೆ ಬೀಗ ಹಾಕೋ ವಿಂಡೋಸ್ ವ್ಯವಸ್ಥೆ. ಬರೀ ಅಕೌಂಟ್ ಲಾಕ್ ಇದ್ದ ಮೆಶಿನ್ನು ಈಗ ಡಿಸ್ಕ್ ಸಮೇತ ಬೀಗ.

ಚಿಕ್ಕಮ್ಮನ ಪ್ರಶ್ನೆ ಸರಿಯಾಗೇ ಇತ್ತು: "ನಾವು ಯಾವತ್ತೂ ಬಿಟ್‌ಲಾಕರ್ ಹಾಕೇ ಇಲ್ವಲ್ಲಪ್ಪ, ಇದು ಎಲ್ಲಿಂದ ಬಂತು?" ಹಾಕಿರಲಿಲ್ಲ, ಅದೇ ಹಾಕ್ಕೊಂಡಿತ್ತು. ಹೋಮ್ ಎಡಿಶನ್‌ನಲ್ಲಿ ಇದಕ್ಕೆ ಡಿವೈಸ್ ಎನ್‌ಕ್ರಿಪ್ಷನ್ ಅಂತ ಹೆಸರು. ಹೊಸ ಲ್ಯಾಪ್‌ಟಾಪಲ್ಲಿ ಮೊದಲ ಸಲ ಮೈಕ್ರೋಸಾಫ್ಟ್ ಅಕೌಂಟಿಂದ ಸೆಟಪ್ ಮುಗಿಸಿದ್ರೆ ಹಾರ್ಡ್‌ವೇರ್ ಒಪ್ಪೋದಾದ್ರೆ ಸದ್ದಿಲ್ಲದೆ ಆನ್ ಆಗುತ್ತೆ, 24ಎಚ್2 ವರ್ಶನ್‌ನಿಂದ ಆ ಹಾರ್ಡ್‌ವೇರ್ ಶರತ್ತನ್ನ ಇನ್ನೂ ಸಡಿಲ ಮಾಡಿದ್ದಾರೆ. ಡಿಸ್ಕಿನ ಕೀಗೆ ಟಿಪಿಎಂ ಅನ್ನೋ ಸೆಕ್ಯುರಿಟಿ ಚಿಪ್ಪಿನ ಕಾವಲು ಇರುತ್ತೆ, ಮೆಶಿನ್ನು ನಿನ್ನೆ ಎದ್ದ ಹಾಗೇ ಇವತ್ತೂ ಏಳ್ತಿದೆ ಅಂತ ಖಾತ್ರಿ ಆದ್ರೆ ಮಾತ್ರ ಚಿಪ್ಪು ಕೀ ಬಿಡುತ್ತೆ. ಸೆಕ್ಯೂರ್ ಬೂಟ್ ಆಫ್ ಆಗಿದ್ದು ಆ ಖಾತ್ರಿಗೆ ಕಲ್ಲು ಹಾಕ್ತು. ಕೆಟ್ಟಿದ್ದೇನೂ ಇಲ್ಲ, ಅದರ ಕೆಲಸ ಅದು ಸರಿಯಾಗೇ ಮಾಡಿದೆ. ಇಂಥಾ ಟೈಮಲ್ಲಿ ಮೊದಲ ಕೆಲಸ ಸೆಕ್ಯೂರ್ ಬೂಟನ್ನ ವಾಪಸ್ ಆನ್ ಮಾಡಿ ನೋಡೋದು, ಸಾಮಾನ್ಯವಾಗಿ ಅಷ್ಟಕ್ಕೇ ನೀಲಿ ಪರದೆ ಹೋಗುತ್ತೆ. ಹುಡುಗನಿಗೆ ಅದು ಹೊಳೀಲಿಲ್ಲ, ಗಾಬರಿ ಬಿದ್ದು ತಂಗಿಗೆ ಫೋನ್ ಹಚ್ಚಿದ. ಅದೂ ಒಂದು ದಾರಿನೇ.

ಕೀ ಸಿಕ್ಕಿದ್ದು ಚಿಕ್ಕಪ್ಪನ ಯಾವ ಮೇಲಲ್ಲೂ ಅಲ್ಲ, ತಂಗಿಯ ಮೈಕ್ರೋಸಾಫ್ಟ್ ಅಕೌಂಟಲ್ಲಿ. ಮನೆಗಳಲ್ಲಿ ಜನ ತಲೆ ಕೆಡಿಸ್ಕೊಳ್ಳೋ ಜಾಗ ಇದೇ, ಬಳಸೋರು ಒಬ್ರು, ಸೆಟಪ್ ಮಾಡಿದವರು ಇನ್ನೊಬ್ರು, ಕೀ ಹೋಗಿ ಕೂತಿರೋದು ಸೆಟಪ್ ಮಾಡಿದವರ ಹತ್ರ. ಅವಳು ಫೋನಲ್ಲೇ ಲಾಗಿನ್ ಆಗಿ ಡಿವೈಸ್ ಲಿಸ್ಟಲ್ಲಿ ರಿಕವರಿ ಕೀ ತೆಗೆದಳು, ಅಲ್ಲಿ ಅವಳ ಬೇರೆ ಲ್ಯಾಪ್‌ಟಾಪಿನ ಕೀನೂ ಇತ್ತು, ನೀಲಿ ಪರದೆ ಮೇಲೆ ತೋರಿಸೋ ಕೀ ಐಡಿಯ ಮೊದಲ ಎಂಟು ಅಕ್ಷರ ಹೊಂದಿಸಿ ಯಾವುದು ಅಂತ ಆರಿಸ್ಕೊಂಡಳು.

ಕೀ ಅಂದ್ರೆ 48 ಅಂಕಿ, ಆರಾರು ಅಂಕಿಯ ಎಂಟು ಗುಂಪು. ಫೋನಲ್ಲಿ ಹೇಳಿ ಬರೆಸಿದ್ರೆ ಎಲ್ಲೋ ಒಂದು ಕಡೆ ತಪ್ಪೋದೇ, ಇಲ್ಲೂ ತಪ್ಪಿತ್ತು. ಇದಕ್ಕೊಂದು ಚೆಂದದ ಪರೀಕ್ಷೆ ಇದೆ, ಬಹಳ ಜನಕ್ಕೆ ಗೊತ್ತಿಲ್ಲ: ಆ ಎಂಟರಲ್ಲಿ ಪ್ರತಿ ಗುಂಪೂ 11ರಿಂದ ಶೇಷ ಇಲ್ಲದೆ ಭಾಗ ಆಗ್ಬೇಕು. ಉದಾಹರಣೆಗೆ 438251 ಅಂತ ಇದ್ರೆ 11ರಿಂದ ಭಾಗಿಸಿದಾಗ ಸರಿಯಾಗಿ 39841 ಬರುತ್ತೆ. ಅದನ್ನೇ ಅವಸರದಲ್ಲಿ 438521 ಅಂತ ಬರ್ಕೊಂಡಿದ್ರೆ ಭಾಗ ಆಗಲ್ಲ, 6 ಉಳಿಯುತ್ತೆ. ಒಂದು ಅಂಕಿ ತಪ್ಪಾದ್ರೂ, ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದ್ರೂ ಈ ಲೆಕ್ಕದಲ್ಲಿ ಸಿಕ್ಕಿ ಬೀಳುತ್ತೆ. ಇನ್ನೊಂದು, ಯಾವ ಗುಂಪೂ 720885ಕ್ಕಿಂತ ದೊಡ್ಡದಿರಲ್ಲ, ಹಾಗಾಗಿ 8 ಅಥವಾ 9ರಿಂದ ಶುರುವಾಗೋ ಗುಂಪು ನಿಮ್ಮ ಚೀಟಿಯಲ್ಲಿದ್ರೆ ಕಣ್ಣು ಮುಚ್ಚಿ ಅದು ತಪ್ಪು ಅನ್ನಬಹುದು. ತಂಗಿ ಲೆಕ್ಕದಲ್ಲಿ ಜೋರು, ಇದು ಅವಳಿಗೆ ಗೊತ್ತಿತ್ತು, ಕ್ಯಾಲ್ಕುಲೇಟರ್ ಹಿಡಿದು ಆ ಕಡೆಯಿಂದ ಹುಡುಗನ ಹತ್ರ ಒಂದೊಂದೇ ಗುಂಪು ವಾಪಸ್ ಓದಿಸಿ ತಪ್ಪು ಹಿಡಿದಳು. ಡಿಸ್ಕ್ ಓಪನ್ ಆಯ್ತು, ಲಾಗಿನ್ ಸ್ಕ್ರೀನ್ ಬಂತು.

ಇಲ್ಲಿಗೆ ನಿಲ್ಲಿಸಿದ್ರೆ ಚೆನ್ನಾಗಿತ್ತು. ಫೋನಲ್ಲೇ ಇದ್ದಳಲ್ಲ, ತಂಗಿ ತನ್ನ ಅಕೌಂಟಿನ ಪಿನ್ ಕೊಟ್ಟಳು (ಪಿನ್ ಆ ಒಂದು ಮೆಶಿನ್‌ಗೆ ಮಾತ್ರ, ಬೇರೆ ಕಡೆಯಿಂದ ಅವಳ ಅಕೌಂಟಿಗೆ ಅದರಿಂದ ಹೋಗೋಕಾಗಲ್ಲ, ಹಾಗಾಗಿ ಪಾಸ್‌ವರ್ಡ್ ಕೊಡೋದಕ್ಕಿಂತ ಇದು ಎಷ್ಟೋ ವಾಸಿ). ಹುಡುಗ ಅವಳ ಅಕೌಂಟಲ್ಲಿ ಹೋಗಿ, ಕಮ್ಯಾಂಡ್ ಪ್ರಾಂಪ್ಟ್ ತೆಗೆದು, ನೆಟ್ ಯೂಸರ್ ಅಂತ ಒಂದೇ ಸಾಲಲ್ಲಿ ಚಿಕ್ಕಪ್ಪನ ಪಾಸ್‌ವರ್ಡನ್ನ ಖಾಲಿ ಮಾಡಿದ. "ಅಂಕಲ್, ಇನ್ಮೇಲೆ ಪಾಸ್‌ವರ್ಡೇ ಬೇಡ, ಎಂಟರ್ ಹೊಡೀರಿ ಸಾಕು." ಎಂಟರ್ ಹೊಡೆದ್ರು, ಡೆಸ್ಕ್‌ಟಾಪ್ ಬಂತು, ಎಲ್ಲರೂ ಉಸ್ಸಪ್ಪ ಅಂದ್ರು, ಹುಡುಗ ಹೊರಟ.

ಇದೇ ಕೆಲಸವನ್ನ ಕಂಟ್ರೋಲ್ ಪ್ಯಾನೆಲಿನಿಂದ ಮಾಡಿದ್ರೆ ಒಂದು ಎಚ್ಚರಿಕೆ ಬರುತ್ತೆ, ನೀವು ಬೇರೆಯವರ ಪಾಸ್‌ವರ್ಡ್ ಬದಲಾಯಿಸ್ತಿದ್ದೀರ, ಅವರ ಸರ್ಟಿಫಿಕೇಟು ಮತ್ತೆ ಸೈಟು, ನೆಟ್‌ವರ್ಕ್‌ಗೆ ಉಳಿಸಿಟ್ಟ ಪಾಸ್‌ವರ್ಡ್ ಎಲ್ಲ ಹೋಗುತ್ತೆ ಅಂತ. ಕಮ್ಯಾಂಡ್ ಪ್ರಾಂಪ್ಟ್ ಅಷ್ಟೆಲ್ಲ ಮಾತಾಡಲ್ಲ, ಕೆಲಸ ಮುಗೀತು ಅಂತ ಒಂದು ಸಾಲು ಬರೆದು ಸುಮ್ಮನಾಗುತ್ತೆ.

ನನಗೆ ಫೋನ್ ಬಂದಿದ್ದು ಇದಾದ ಮೇಲೆ. ಡೆಸ್ಕ್‌ಟಾಪ್ ಬಂದ ಕೂಡ್ಲೇ ಚಿಕ್ಕಪ್ಪನ ಮೇಲ್ ಪ್ರೋಗ್ರಾಮ್ ತಾನಾಗೇ ಓಪನ್ ಆಗುತ್ತೆ, ಅದು ಇಮೇಲ್ ಪಾಸ್‌ವರ್ಡ್ ಕೇಳ್ತು, ವರ್ಷಗಟ್ಟಲೆ ಕೇಳದೇ ಇದ್ದಿದ್ದು. "ಇದು ಯಾಕೋ ಪಾಸ್‌ವರ್ಡ್ ಕೇಳ್ತಿದೆ ಕಣೋ, ಇರ್ಲಿ ಬಿಡು, ಕ್ರೋಮ್‌ನಲ್ಲಿ ಎಲ್ಲಾ ಸೇವ್ ಇದೆ, ಅಲ್ಲಿ ನೋಡಿ ಹಾಕ್ತೀನಿ" ಅಂದ್ರು. ನಾನು ಅಂದಿದ್ದು ಒಂದೇ ಮಾತು, ಚಿಕ್ಕಪ್ಪಾ ಕ್ರೋಮ್ ಮುಟ್ಬೇಡಿ, ಇಮೇಲ್ ಪಾಸ್‌ವರ್ಡ್ ಕೇಳೋ ಡಬ್ಬಿಗೆ ಕ್ಯಾನ್ಸಲ್ ಕೊಟ್ಟು ಶಟ್‌ಡೌನ್ ಮಾಡಿ, ನಾನು ಬರ್ತೀನಿ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ಬೇಕು, ಕೇಸಿನ ತಿರುಳು ಇದೇ. ವಿಂಡೋಸ್‌ನಲ್ಲಿ ಪ್ರೋಗ್ರಾಮ್‌ಗಳು ಗುಟ್ಟಿನ ವಿಷಯ ಇಡೋಕೆ ಡಿಪಿಎಪಿಐ ಅಂತ ಒಂದು ವ್ಯವಸ್ಥೆ ಇದೆ, ವಿಂಡೋಸ್ 2000 ಕಾಲದಿಂದಲೂ ಇರೋದು. ಪ್ರತಿ ಯೂಸರ್‌ಗೆ ಒಂದು ಮಾಸ್ಟರ್ ಕೀ ಇರುತ್ತೆ, ಲೋಕಲ್ ಅಕೌಂಟ್ ಆದ್ರೆ ಆ ಮಾಸ್ಟರ್ ಕೀಗೆ ಬೀಗ ಹಾಕಿರೋದು ನಿಮ್ಮ ಲಾಗಿನ್ ಪಾಸ್‌ವರ್ಡ್‌ನಿಂದಲೇ. ನೀವೇ ಲಾಗಿನ್ ಆಗಿ, ಹಳೇದು ಕೊಟ್ಟು ಹೊಸ ಪಾಸ್‌ವರ್ಡ್ ಇಟ್ಕೊಂಡ್ರೆ ಅದು ಹಳೇ ಬೀಗ ತೆಗೆದು ಹೊಸ ಬೀಗ ಹಾಕ್ಕೊಳ್ಳುತ್ತೆ, ನಿಮಗೆ ಗೊತ್ತೂ ಆಗಲ್ಲ. ಆದ್ರೆ ಬೇರೆ ಅಡ್ಮಿನ್ ಬಂದು ಒತ್ತಾಯಕ್ಕೆ ರೀಸೆಟ್ ಮಾಡಿದ್ರೆ ಅವರ ಹತ್ರ ಹಳೇ ಪಾಸ್‌ವರ್ಡ್ ಇಲ್ವಲ್ಲ, ಬೀಗ ಹಳೇದೇ ಉಳಿಯುತ್ತೆ, ಕೀ ಮಾತ್ರ ಬದಲಾಗಿರುತ್ತೆ. ಮನೆ ಒಳಗೆ ಬಂದಿರ್ತೀರ, ಬೀರು ತೆಗೆಯೋಕಾಗಲ್ಲ.

ಬೀರು ಒಡೆದು ಹೋಗಿಲ್ಲ ಅನ್ನೋದೇ ಇಲ್ಲಿ ಆಸರೆ. ಹಳೇ ಪಾಸ್‌ವರ್ಡ್ ಏನು ಅಂತ ಗೊತ್ತಿದ್ದು ಅದನ್ನೇ ವಾಪಸ್ ಇಟ್ರೆ ಮತ್ತೆ ತೆರೆಯುತ್ತೆ. ಆದ್ರೆ ಮಧ್ಯದಲ್ಲಿ ಕ್ರೋಮ್ ಓಪನ್ ಮಾಡಿದ್ರೆ ಅದಕ್ಕೆ ತನ್ನ ಕೀ ಬಿಚ್ಚೋಕೆ ಆಗಲ್ಲ, ಆಗ್ಲಿಲ್ಲ ಅಂದ್ರೆ ಹೊಸ ಕೀ ಒಂದನ್ನ ಮಾಡಿ ಹಳೇದರ ಜಾಗದಲ್ಲಿ ಬರೆದುಬಿಡುತ್ತೆ, ಆಮೇಲೆ ಲಾಗಿನ್ ಪಾಸ್‌ವರ್ಡ್ ವಾಪಸ್ ತಂದ್ರೂ ಸೇವ್ ಆಗಿದ್ದ ಪಾಸ್‌ವರ್ಡ್‌ಗಳು ಬರಲ್ಲ. ಎಡ್ಜ್‌ನಂಥಾ ಅದೇ ಜಾತಿಯ ಬ್ರೌಸರ್‌ಗಳದ್ದೂ ಇದೇ ಕಥೆ. ಫೈರ್‌ಫಾಕ್ಸ್ ತನ್ನ ಕೀನ ತಾನೇ ಬೇರೆ ಫೈಲಲ್ಲಿ ಇಟ್ಕೊಳ್ಳೋದ್ರಿಂದ ಅದಕ್ಕೆ ಈ ರೀಸೆಟ್ ತಟ್ಟಲ್ಲ.

ಹೋದವನು ಮೊದ್ಲು ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ವಾಪಸ್ ಆನ್ ಮಾಡ್ದೆ. ಆಮೇಲೆ ತಂಗಿಯ ಅಕೌಂಟಲ್ಲಿ ಹೋಗಿ ಚಿಕ್ಕಪ್ಪನ ಆಪ್‌ಡೇಟಾ (ಪ್ರೋಗ್ರಾಮ್‌ಗಳು ಯೂಸರ್‌ನ ಡೇಟಾ ಇಡೋ ಫೋಲ್ಡರ್) ಒಳಗಿನ ಎರಡು ಜಾಗ ಹಾಗೇ ಎತ್ತಿ ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಹಾಕ್ದೆ. ಒಂದು ಕ್ರೋಮ್‌ನ ಯೂಸರ್ ಡೇಟಾ ಫೋಲ್ಡರ್, ಅದರಲ್ಲಿ ಲೋಕಲ್ ಸ್ಟೇಟ್ ಅನ್ನೋ ಫೈಲಲ್ಲಿ ಕೀ, ಲಾಗಿನ್ ಡೇಟಾ ಅನ್ನೋದ್ರಲ್ಲಿ ಪಾಸ್‌ವರ್ಡ್‌ಗಳು. ಇನ್ನೊಂದು ಮೈಕ್ರೋಸಾಫ್ಟ್ ಫೋಲ್ಡರಿನೊಳಗಿನ ಪ್ರೊಟೆಕ್ಟ್, ಮಾಸ್ಟರ್ ಕೀಗಳ ಮನೆ. ಹಿಡನ್, ಸಿಸ್ಟಮ್ ಎರಡೂ ಫೈಲ್ ಕಾಣೋ ಹಾಗೆ ಮಾಡದೇ ಇದ್ರೆ ಫೋಲ್ಡರ್ ಖಾಲಿ ಅನಿಸುತ್ತೆ. ಒಳಗೆ ಉದ್ದುದ್ದ ಹೆಸರಿನ ಸಣ್ಣ ಸಣ್ಣ ಫೈಲು, ತಾರೀಖು ನೋಡಿದ್ರೆ ಸುಮಾರು ಮೂರು ಮೂರು ತಿಂಗಳಿಗೆ ಒಂದೊಂದು, ಯಾಕಂದ್ರೆ ಮಾಸ್ಟರ್ ಕೀನ ಅಷ್ಟಕ್ಕೊಮ್ಮೆ ಹೊಸದು ಮಾಡ್ಕೊಂಡು ಹಳೇದನ್ನೂ ಇಟ್ಕೊಂಡಿರುತ್ತೆ. ಈ ಕಾಪಿ ಇದ್ರೆ ಮುಂದೆ ಏನೇ ಎಡವಟ್ಟಾದ್ರೂ ಇದ್ದಲ್ಲಿಗೆ ವಾಪಸ್ ಬರಬಹುದು.

ಈವೆಂಟ್ ವ್ಯೂವರ್‌ನಲ್ಲಿ (ಮೆಶಿನ್‌ನಲ್ಲಿ ಆಗಿದ್ದನ್ನ ವಿಂಡೋಸ್ ಬರೆದಿಟ್ಟಿರೋ ದಾಖಲೆ) ಸೆಕ್ಯುರಿಟಿ ಲಾಗ್ ಕೂಡ ನೋಡ್ದೆ. ಮನೆಯವರು ಹೇಳೋ ಕಥೆಯಲ್ಲಿ ಯಾವುದು ಮೊದ್ಲು ಯಾವುದು ಆಮೇಲೆ ಅಂತ ಯಾವಾಗಲೂ ಕಲಸುಮೇಲೋಗರ ಆಗಿರುತ್ತೆ, ಲಾಗಲ್ಲಿ ಆ ಗೊಂದಲ ಇಲ್ಲ. ಪ್ರತಿ ಘಟನೆಗೂ ಒಂದು ನಂಬರ್: 4740 ಅಂದ್ರೆ ಅಕೌಂಟ್ ಲಾಕ್ ಆಯ್ತು, ಅದು ಬೆಳಗ್ಗೆ. 4724 ಅಂದ್ರೆ ಬೇರೆ ಯಾರೋ ಈ ಅಕೌಂಟಿನ ಪಾಸ್‌ವರ್ಡ್ ರೀಸೆಟ್ ಮಾಡಿದ್ರು, ಅದು ಮಧ್ಯಾಹ್ನ, ಮಾಡಿದ ಅಕೌಂಟು ತಂಗಿದು. ಯೂಸರ್ ತಾನೇ ಬದಲಾಯಿಸ್ಕೊಂಡಿದ್ರೆ 4723 ಬರ್ತಿತ್ತು, ಆ ದಿನಕ್ಕೆ ಅದು ಒಂದೂ ಇರಲಿಲ್ಲ. ಅಂದ್ರೆ ಬೆಳಗ್ಗೆ ಲಾಕ್ ಆಗೋವರೆಗೂ ಪಾಸ್‌ವರ್ಡನ್ನ ಯಾರೂ ಬದಲಾಯಿಸಿರಲಿಲ್ಲ, ಹಳೇದೇ ಇತ್ತು.

ಹಾಗಾದ್ರೆ ಹಳೇದು ಯಾಕೆ ಹೊಂದ್ಲಿಲ್ಲ? ಮನೆಯಲ್ಲಿ ಎಲ್ಲರೂ ಸೇರಿ ತೀರ್ಮಾನ ಮಾಡ್ಬಿಟ್ಟಿದ್ರು, ವಯಸ್ಸಾಯ್ತು, ಮರ್ತಿದ್ದಾರೆ ಅಂತ. ಚಿಕ್ಕಪ್ಪ ಮಾತ್ರ ಒಂದೇ ಸಮ "ನಾನು ಮರ್ತಿಲ್ಲ ಕಣಯ್ಯ, ದಿನಾ ಹಾಕೋದನ್ನೇ ಹಾಕಿದ್ದು" ಅಂತಿದ್ರು. ನನ್ನ ಅನುಭವದಲ್ಲಿ ದಿನಾ ಲಾಗಿನ್ ಆಗೋರು ರಾತ್ರಿ ಬೆಳಗಾಗೋದ್ರೊಳಗೆ ಪಾಸ್‌ವರ್ಡ್ ಮರೆಯೋದು ಬಹಳ ಕಮ್ಮಿ, ಅವರು ಹೇಳಿದ್ದನ್ನ ಒಂದು ಸಲ ನಂಬಿ ನೋಡೋದ್ರಲ್ಲಿ ನಷ್ಟ ಏನಿಲ್ಲ.

ನಂಬಿ ಲಾಗಿನ್ ಸ್ಕ್ರೀನ್ ನೋಡಿದ್ರೆ ಬಲಗಡೆ ಕೆಳಗೆ ಇಂಗ್ಲಿಷ್ ಅಂತ ತೋರಿಸ್ಬೇಕಾದ ಜಾಗದಲ್ಲಿ ಕನ್ನಡ ಅಕ್ಷರ! ಹಿಂದಿನ ದಿನ ಚಿಕ್ಕಪ್ಪ ಕನ್ನಡದಲ್ಲಿ ಏನೋ ಪತ್ರ ಟೈಪ್ ಮಾಡಿದ್ರು, ಇನ್‌ಸ್ಕ್ರಿಪ್ಟ್ ಕೀಬೋರ್ಡ್, ಹಾಗೇ ಬಿಟ್ಟು ಎದ್ದಿದ್ರು. ಆ ಲೇಔಟಲ್ಲಿ ಕೆ ಒತ್ತಿದ್ರೆ ಕ, ಎಲ್ ಒತ್ತಿದ್ರೆ ತ, ಜೆ ಒತ್ತಿದ್ರೆ ರ, ಎಚ್ ಒತ್ತಿದ್ರೆ ಪ. ಪಾಸ್‌ವರ್ಡ್ ಜಾಗದಲ್ಲಿ ಏನು ಬಿದ್ರೂ ಚುಕ್ಕಿನೇ ಕಾಣೋದು, ಕೈ ಸರಿಯಾಗೇ ಓಡ್ತಿದೆ, ಒಳಗೆ ಹೋಗ್ತಿರೋದು ಬೇರೆ. ಆ ಡಬ್ಬಿಯ ಕೊನೆಯಲ್ಲಿರೋ ಕಣ್ಣಿನ ಗುರುತನ್ನ ಒತ್ತಿ ಹಿಡಿದಿದ್ರೆ ಏನು ಟೈಪ್ ಆಗಿದೆ ಅಂತ ಅಲ್ಲೇ ಕಾಣ್ತಿತ್ತು, ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದ್ರೆ ಲೇಔಟ್ ಇಂಗ್ಲಿಷ್‌ಗೆ ಬರ್ತಿತ್ತು. ಹುಡುಗ ಪಾಸ್‌ವರ್ಡ್ ಖಾಲಿ ಮಾಡಿದ್ದರಿಂದ ಏನೂ ಟೈಪ್ ಮಾಡೋ ಅಗತ್ಯನೇ ಬೀಳ್ಲಿಲ್ಲ, ಹಾಗಾಗಿ ಅಸಲಿ ಕಾರಣ ಯಾರ ಕಣ್ಣಿಗೂ ಬೀಳದೇ ಉಳೀತು. ಅವನೇನಾದ್ರೂ ಅಕ್ಷರಗಳ ಹೊಸ ಪಾಸ್‌ವರ್ಡ್ ಇಟ್ಟಿದ್ರೆ ಅದೂ ತಪ್ಪು ಅಂತ ಬಂದು ಅಲ್ಲೇ ಗುಟ್ಟು ರಟ್ಟಾಗ್ತಿತ್ತು.

ಈಗ ಹಳೇ ಪಾಸ್‌ವರ್ಡ್ ವಾಪಸ್ ಇಡೋ ಕೆಲಸ. ಇದನ್ನ ತಂಗಿಯ ಅಡ್ಮಿನ್‌ನಿಂದ ಮತ್ತೆ ರೀಸೆಟ್ ಮಾಡ್ಲಿಲ್ಲ, ಹಾಗೆ ಮಾಡಿದ್ರೆ ಖಾಲಿ ಪಾಸ್‌ವರ್ಡ್ ಇದ್ದಾಗ ಏನಾದ್ರೂ ಹೊಸದಾಗಿ ಸೇವ್ ಆಗಿದ್ರೆ ಅದೂ ಹೋಗುತ್ತೆ. ಚಿಕ್ಕಪ್ಪನ ಅಕೌಂಟಲ್ಲೇ ಒಳಗೆ ಹೋಗಿ, ಇಮೇಲ್ ಪಾಸ್‌ವರ್ಡ್ ಡಬ್ಬಿ ಕ್ಯಾನ್ಸಲ್ ಮಾಡಿ, ಕಂಟ್ರೋಲ್ ಆಲ್ಟ್ ಡಿಲೀಟ್ ಒತ್ತಿ, ಚೇಂಜ್ ಪಾಸ್‌ವರ್ಡ್, ಹಳೇದರ ಜಾಗ ಖಾಲಿ, ಹೊಸದರ ಜಾಗದಲ್ಲಿ ಡೈರಿಯಲ್ಲಿ ಬರೆದಿಟ್ಟ ಪಾಸ್‌ವರ್ಡ್. ಸೈನ್ ಔಟ್, ಸೈನ್ ಇನ್. ಮೇಲ್ ಪ್ರೋಗ್ರಾಮ್ ಮತ್ತೆ ಪಾಸ್‌ವರ್ಡ್ ಕೇಳ್ತು.

ಚಿಕ್ಕಮ್ಮ "ಹೋಯ್ತು ಬಿಡು" ಅಂದ್ರು. ಚಿಕ್ಕಪ್ಪನ ಮುಖ ನೋಡೋ ಹಾಗಿರಲಿಲ್ಲ.

ಹಳೇ ಪಾಸ್‌ವರ್ಡ್ ಇದೇನಾ ಅಂತ ಮೆಶಿನ್ನಿಗೆ ಕೇಳೋಕೆ ಈಗ ದಾರಿ ಇಲ್ಲ, ರೀಸೆಟ್ ಆದ ಕ್ಷಣಕ್ಕೆ ಅದರ ಗುರುತು ಅಳಿದಿದೆ. ಇಟ್ಟು ನೋಡಿ, ಮೇಲ್ ತೆರೆದ್ರೆ ಸರಿ, ತೆರೀದಿದ್ರೆ ಬೇರೆ, ಅಷ್ಟೇ ಪರೀಕ್ಷೆ, ಬ್ರೌಸರ್ ಮುಟ್ಟದೇ ಇರೋವರೆಗೂ ಎಷ್ಟು ಸಲ ನೋಡಿದ್ರೂ ಅಪಾಯ ಇಲ್ಲ. ಡೈರಿ ಪಕ್ಕಕ್ಕಿಟ್ಟು ನೋಟ್‌ಪ್ಯಾಡ್ ತೆಗೆದೆ, ಲೇಔಟ್ ಇಂಗ್ಲಿಷ್ ಇದೆ ಅಂತ ನೋಡ್ಕೊಂಡೆ. "ಚಿಕ್ಕಪ್ಪಾ, ಬರ್ದಿರೋದು ನೋಡ್ಬೇಡಿ, ಸ್ಕ್ರೀನೂ ನೋಡ್ಬೇಡಿ, ದಿನಾ ಬೆಳಗ್ಗೆ ಹೇಗೆ ಹಾಕ್ತೀರೋ ಹಾಗೆ ಒಂದು ಸಲ ಒತ್ತಿ." ಅವರ ಎರಡು ಬೆರಳು ಪಟಪಟ ಅಂತ ಓಡಿದ್ವು. ಡೈರಿಯಲ್ಲಿ ದುಂಡಗೆ ಬರೆದಿದ್ದನ್ನ ನಾನು ಸೊನ್ನೆ ಅಂತ ಓದಿ ಹಾಕಿದ್ದೆ, ಅವರ ಬೆರಳು ಹೋಗಿದ್ದು ಮೇಲಿನ ಅಂಕಿ ಸಾಲಿಗಲ್ಲ, ಅದರ ಕೆಳಗಿನ ಓ ಅಕ್ಷರಕ್ಕೆ. ಮತ್ತೆ ಚೇಂಜ್ ಪಾಸ್‌ವರ್ಡ್, ಈ ಸಲ ಅವರ ಕೈಯಲ್ಲೇ ಹಾಕಿಸ್ದೆ, ಸೈನ್ ಔಟ್, ಸೈನ್ ಇನ್.

ಮೇಲ್ ಪ್ರೋಗ್ರಾಮ್ ಏನೂ ಕೇಳದೆ ತೆರ್ಕೊಂಡು ಹೊಸ ಮೇಲ್ ಇಳಿಸೋಕೆ ಶುರು ಮಾಡ್ತು. ಆಮೇಲೆ ಕ್ರೋಮ್ ತೆಗೆದ್ವಿ. ಪಾಸ್‌ವರ್ಡ್ ಲಿಸ್ಟ್ ಪೂರ್ತಿ ಇತ್ತು, ಸೈಟ್‌ಗಳಲ್ಲಿ ಲಾಗಿನ್ ಆಗಿದ್ದಿದ್ದೂ ಹಾಗೇ ಇತ್ತು.

ಇಲ್ಲಿ ಒಂದು ಮಾತು. ಚಿಕ್ಕಪ್ಪನ ಅಕೌಂಟು ಮೈಕ್ರೋಸಾಫ್ಟ್ ಅಕೌಂಟ್ ಆಗಿದ್ದಿದ್ರೆ ಈ ಕೇಸಿನ ದಾರಿನೇ ಬೇರೆ ಇರ್ತಿತ್ತು, ಪಾಸ್‌ವರ್ಡ್ ಮೆಶಿನ್ ಒಳಗಲ್ಲ ಆನ್‌ಲೈನ್ ಇರೋದ್ರಿಂದ ಯಾವುದೇ ಫೋನಿಂದ ರೀಸೆಟ್ ಪೇಜಿಗೆ ಹೋಗಿ ರಿಜಿಸ್ಟರ್ ಆಗಿರೋ ನಂಬರ್‌ಗೋ ಬೇರೆ ಮೇಲ್‌ಗೋ ಕೋಡ್ ತರಿಸಿ ಬದಲಾಯಿಸ್ಕೊಳ್ಳೋದು. ಆ ನಂಬರ್ರೂ ಮೇಲೂ ಎರಡೂ ಕೈಬಿಟ್ಟು ಹೋಗಿದ್ರೆ ಆಗ ಕಷ್ಟ, ಸೆಕ್ಯುರಿಟಿ ವಿವರ ಪೂರ್ತಿ ಬದಲಾಯಿಸೋಕೆ 30 ದಿನ ಕಾಯಿಸ್ತಾರೆ, ಎರಡು ಹಂತದ ವೆರಿಫಿಕೇಶನ್ ಆನ್ ಇದ್ರೆ ರಿಕವರಿ ಫಾರ್ಮ್ ತುಂಬಿದ್ರೂ ಉಪಯೋಗ ಆಗಲ್ಲ. ಮತ್ತೆ ಇಂಥಾ ಗಾಬರಿಯಲ್ಲಿ ಸರ್ಚ್ ಮಾಡಿದಾಗ ಸಿಗೋ ಸಪೋರ್ಟ್ ಫೋನ್ ನಂಬರ್‌ಗಳಿಗೆ ಮಾತ್ರ ಕಾಲ್ ಮಾಡ್ಬೇಡಿ, ಮೈಕ್ರೋಸಾಫ್ಟಿನ ನಿಜವಾದ ಎರರ್ ಮೆಸೇಜಲ್ಲಿ ಫೋನ್ ನಂಬರ್ ಇರೋದೇ ಇಲ್ಲ.

ಮುಗಿಸೋ ಮೊದ್ಲು ಮಾಡಿದ್ದು ಇಷ್ಟು. ಚಿಕ್ಕಪ್ಪನ ಅಕೌಂಟಿಂದ ಪಾಸ್‌ವರ್ಡ್ ರೀಸೆಟ್ ಡಿಸ್ಕ್ ಮಾಡಿ ಒಂದು ಸಣ್ಣ ಪೆನ್ ಡ್ರೈವ್ ಎತ್ತಿಟ್ವಿ. ಲೋಕಲ್ ಅಕೌಂಟಿಗೆ ಮಾತ್ರ ಇದು, ಒಂದು ಸಲ ಮಾಡಿದ್ರೆ ಆಮೇಲೆ ಪಾಸ್‌ವರ್ಡ್ ಎಷ್ಟು ಸಲ ಬದಲಾಯಿಸಿದ್ರೂ ಅದೇ ನಡೆಯುತ್ತೆ, ಆದ್ರೆ ಆ ಪೆನ್ ಡ್ರೈವ್ ಸಿಕ್ಕವರಿಗೆ ಅಕೌಂಟೂ ಸಿಕ್ಕ ಹಾಗೆ, ಲ್ಯಾಪ್‌ಟಾಪ್ ಬ್ಯಾಗಲ್ಲೇ ಇಡೋ ವಸ್ತು ಅಲ್ಲ. 48 ಅಂಕಿಯ ಕೀನ ಪ್ರಿಂಟ್ ತೆಗೆದು ಮನೆ ಕಾಗದಪತ್ರಗಳ ಜೊತೆ ಸೇರಿಸಿದ್ವಿ, ತಂಗಿ ಹತ್ರ ಮಾತ್ರ ಇರೋದು ಬೇಡ ಅಂತ. ಡೈರಿಯಲ್ಲಿ ಆ ದುಂಡನೆ ಅಕ್ಷರದ ಮೇಲೆ ಇದು ಓ ಅಂತ ಚಿಕ್ಕಮ್ಮ ಕೆಂಪಿಂಕಲ್ಲಿ ಬರೆದ್ರು. ಪಾಸ್‌ವರ್ಡನ್ನೇ ಬದಲಾಯಿಸಿ ಅಂದೆ, ಕೇಳ್ಲಿಲ್ಲ. ತಂಗಿ ತನ್ನ ಪಿನ್‌ನ ಮುಂದಿನ ಸಲ ಬಂದಾಗ ಬದಲಾಯಿಸ್ತೀನಿ ಅಂದಿದ್ದಾಳೆ. ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿದ್ದ ಕಾಪಿ ಮಾತ್ರ ಅಲ್ಲೇ ಅಳಿಸಿ ಹಾಕ್ದೆ, ಅಂಥಾದ್ದು ಇನ್ನೊಂದು ಕಡೆ ಬಿದ್ದಿರೋದು ಒಳ್ಳೇದಲ್ಲ.

ಚಿಕ್ಕಪ್ಪಂದು ಒಂದೇ ಬೇಡಿಕೆ ಇತ್ತು, ಆ ಹತ್ತು ಸಲದ ಲೆಕ್ಕ ಇದೆಯಲ್ಲ, ಅದನ್ನ ತೆಗೆದುಬಿಡು, ನೆಮ್ಮದಿಯಾಗಿ ಎಷ್ಟು ಸಲ ಬೇಕಾದ್ರೂ ಹಾಕ್ಕೋತೀನಿ ಅಂತ. ತೆಗೆಯೋಕೆ ಬರುತ್ತೆ, ನೆಟ್ ಅಕೌಂಟ್ಸ್‌ನಲ್ಲೇ ಆ ಅಂಕಿನ ಸೊನ್ನೆ ಮಾಡಿದ್ರೆ ಆಯ್ತು. ಮಾಡ್ಲಿಲ್ಲ. ಹತ್ತು ನಿಮಿಷದ ಆ ಲಾಕಿನಿಂದ ಅವರಿಗೆ ಯಾವ ತೊಂದರೆನೂ ಆಗಿರಲಿಲ್ಲ. ಬದಲಿಗೆ ಲಾಗಿನ್ ಸ್ಕ್ರೀನಿನ ಕಣ್ಣಿನ ಗುರುತು ಎಲ್ಲಿದೆ, ಭಾಷೆ ಎಲ್ಲಿ ತೋರಿಸುತ್ತೆ ಅಂತ ಎರಡು ಸಲ ಮಾಡಿಸಿ ತೋರಿಸ್ದೆ, ಮೂರನೇ ಸಲ ಅವರೇ ಬೇಕಂತ ಕನ್ನಡಕ್ಕೆ ಹಾಕಿ, ಪಾಸ್‌ವರ್ಡ್ ಟೈಪ್ ಮಾಡಿ, ಕಣ್ಣು ಒತ್ತಿ, ಬಂದ ಅಕ್ಷರ ಓದಿ ಚಿಕ್ಕಮ್ಮನ್ನ ಕರೆದ್ರು: "ನೋಡೇ, ನಾನು ಮರ್ತಿಲ್ಲ ಅಂತ ಹೇಳಿದ್ನಲ್ಲ."